ಮಂದಿ ಮಲಗುವಷ್ಟು ಜಾಗ

“ಎಲ್ಲಾ ಖರೆ ತಮ್ಮಾ, ಹುಣ್ಣಿವಿಗೆ ಬಂದ ಮಂದಿ ಎಲ್ಲೆ ಮಲಗಬೇಕು?”

ಪಡಸಾಲೆಯ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ 8 ಅಡಿ ಉದ್ದ, 4 ಅಡಿ ಅಗಲದ ಮೇಜಿನ ಗುರುತು ಎಳೆದು ನಾನು ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಅವ್ವ ಕೇಳಿದ ಮಾತು ಇದು. ಆಟದ ರೈಲು ಯಾಕೆ, ಎಷ್ಟು ರೊಕ್ಕ, ಯಾರು ನೋಡುತ್ತಾರೆ ಎಂದು ಆಕೆ ಕೇಳಲಿಲ್ಲ. ಉಗರಗೋಳದ ಮನೆಗಳಲ್ಲಿ ಯಾವ ಹೊಸ ಸಾಮಾನು ಬಂದರೂ ಮೊದಲು ಏಳುವ ಪ್ರಶ್ನೆ ಇದೇ. ಎಲ್ಲಮ್ಮನ ಗುಡ್ಡದ ಬುಡದಲ್ಲಿರುವ ಊರು ನಮ್ಮದು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂದರೆ ಬೀಗರು, ಬೀಗರ ಬೀಗರು, ಎಂದೋ ಒಮ್ಮೆ ಉಂಡು ಹೋದವರು, ಎಲ್ಲರೂ ಬರುತ್ತಾರೆ. ಪಡಸಾಲೆ ಆಗ ನಮ್ಮದಾಗಿ ಉಳಿಯುವುದಿಲ್ಲ.

ರೈಲಿನ ಆಸೆ ನನಗೆ ಹುಟ್ಟಿದ್ದು ರೈಲಿಲ್ಲದ ಸೀಮೆಯಲ್ಲಿ ಬೆಳೆದಿದ್ದರಿಂದ. ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿದ್ದು 1882ರಲ್ಲಿ. ಆ ದಶಕ ಮುಗಿಯುವುದರೊಳಗೆ ಧಾರವಾಡಕ್ಕೂ ಹುಬ್ಬಳ್ಳಿಗೂ ಬೆಳಗಾವಿಗೂ ಮೀಟರ್‌ಗೇಜ್ ಹಳಿ ಬಂತು. ನಮ್ಮ ಸವದತ್ತಿಗೆ, ಬೈಲಹೊಂಗಲಕ್ಕೆ, ಕಿತ್ತೂರಿಗೆ, ರಾಮದುರ್ಗಕ್ಕೆ ಬರಲಿಲ್ಲ. ಧಾರವಾಡದಿಂದ ಕಿತ್ತೂರಿನ ಮೇಲೆ ಬೆಳಗಾವಿಗೆ 73 ಕಿಲೋಮೀಟರ್ ಹಳಿ ಹಾಕುವ ಯೋಜನೆಯ ಮಾತು ಕೇಳುತ್ತ ಇದ್ದೇವೆ. ಲೋಕಾಪುರದಿಂದ ರಾಮದುರ್ಗ, ಸವದತ್ತಿ ಹಾಯ್ದು ಧಾರವಾಡಕ್ಕೆ ಹಳಿ ಬೇಕೆಂಬ ಬೇಡಿಕೆಯೂ ಹಳೆಯದು. ಗುಡ್ಡಕ್ಕೆ ಬರುವ ಮಂದಿ ಇವತ್ತಿಗೂ ಬಸ್ಸಿನಲ್ಲಿ, ಟ್ರ್ಯಾಕ್ಟರಿನಲ್ಲಿ, ಚಕ್ಕಡಿಯಲ್ಲಿ ಬರುತ್ತಾರೆ. ನಮ್ಮೂರಿಗೆ ಗಾಡಿ ಬಂದು ನಿಲ್ಲುವುದನ್ನು ನೋಡಬೇಕೆಂದರೆ ಸದ್ಯಕ್ಕೆ ನಾನೇ ಹಳಿ ಹಾಕಬೇಕು, ಅದೂ ಮನೆಯೊಳಗೆ. ಮಗಳಿಗೆ ಹತ್ತು ವರ್ಷ. ಅವಳು ರೈಲು ಕಂಡಿದ್ದು ಧಾರವಾಡದ ಸ್ಟೇಷನ್ನಿನಲ್ಲಿ ಒಮ್ಮೆ, ಅಜ್ಜಿಯ ಸೆರಗು ಹಿಡಿದುಕೊಂಡು.

ಮೊದಲ ಯೋಜನೆ ಸರಳವಾಗಿತ್ತು. ಪ್ಲೈವುಡ್ ಅಂಗಡಿಯಲ್ಲಿ ಸಿಗುವ ಹಾಳೆಯೇ 8×4. ಎಚ್‌ಓ ಎಂದು ಕರೆಯುವ ಅಳತೆಯಲ್ಲಿ ಎಲ್ಲವೂ ನಿಜದ 87ನೇ ಒಂದು ಪಾಲು, ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ಆ ಗಾಡಿ ತಿರುಗಲು ಬೇಕಾದ ಅತಿ ಸಣ್ಣ ತ್ರಿಜ್ಯ ರೂಢಿಯಲ್ಲಿ 18 ಇಂಚು. ಹದಿನೆಂಟು ಇಂಚೆಂದರೆ ಒಂದು ಮೊಳ! ಅಮೆರಿಕದ ಪುಸ್ತಕದ ಅಳತೆ ನನ್ನ ಮೊಣಕೈಯಿಂದ ಬೆರಳ ತುದಿಯವರೆಗೆ ಸರಿಯಾಗಿ ಕೂತಿದ್ದು ಕಂಡು ಬಹಳ ಹಿಗ್ಗಿದೆ. ಎರಡು ಮೊಳಕ್ಕೆ ಒಂದು ಪೂರ್ಣ ತಿರುವು, ಅಂಚಿಗೆ ಎರಡೆರಡು ಇಂಚು; ನಾಲ್ಕಡಿ ಅಗಲದಲ್ಲಿ ದುಂಡನೆಯ ಹಳಿ ಹಾಯಾಗಿ ಕೂರುತ್ತದೆ.

ಆದರೆ ಮೇಜು ಕೂರಬೇಕಾದದ್ದು ಮನೆಯಲ್ಲಿ. ನಮ್ಮ ಪಡಸಾಲೆ ಮೂರು ಅಂಕಣದ್ದು: ಉದ್ದ 18 ಅಡಿ, ಅಗಲ 9 ಅಡಿ, ಮುಂದೆ ಸಾಲಾಗಿ ತೇಗದ ಕಂಬಗಳು, ಆಚೆ ಒಂದು ಮೆಟ್ಟಿಲು ಕೆಳಗೆ ದನ ಕಟ್ಟುವ ಜಾಗ. ಹಾಳೆಯನ್ನು ನಡುವೆ ಇಟ್ಟರೆ ಸುತ್ತ ಓಡಾಡಲು ಎರಡೆರಡು ಅಡಿ ಬಿಡಬೇಕು; ನಾಲ್ಕಡಿಯ ಮೇಜು ಎಂಟಡಿ ನುಂಗುತ್ತದೆ. ಗೋಡೆಗೆ ಒತ್ತಿ ಇಟ್ಟರೆ ಹಿಂದಿನ ಹಳಿಗೆ ಕೈ ಎಟುಕುವುದಿಲ್ಲ. ಗಾಡಿ ಉರುಳುವುದು ಯಾವಾಗಲೂ ಕೈ ಎಟುಕದ ಕಡೆಯೇ. ಕೈ ಎಷ್ಟು ದೂರ ಎಟುಕುತ್ತದೆ ಎಂಬುದನ್ನು ನನಗೆ ತಿಳಿಸಿಕೊಟ್ಟಿದ್ದು ಅವ್ವನ ಸಂಡಿಗೆ. ಬೇಸಿಗೆಯಲ್ಲಿ ಹೊರಸಿನ ಮೇಲೆ ಸೀರೆ ಹಾಸಿ ಸಂಡಿಗೆ ಇಡುವಾಗ ಆಕೆ ಒಂದು ಬದಿಯಿಂದ ನಡುವಿನವರೆಗೆ ಇಟ್ಟು, ಎದ್ದು ಹೋಗಿ ಆಚೆ ಬದಿ ಕೂರುತ್ತಾಳೆ. ಸೆರಗು ತಾಗದೆ ಆಕೆಯ ಕೈ ಹೋಗುವುದು ಒಂದು ಮೊಳ, ಮೇಲೊಂದು ಗೇಣು, 27 ಇಂಚು. ಅದಕ್ಕಿಂತ ಆಳದ ಮೇಜು ಒಂದೇ ಬದಿಯಿಂದ ಕೆಲಸ ಮಾಡುವವನಿಗೆ ಬರುವುದಿಲ್ಲ.

ಜಾನ್ ಆರ್ಮ್‌ಸ್ಟ್ರಾಂಗ್ ಎಂಬ ಅಮೆರಿಕದ ಯೋಜಕ ಹಳಿಗಳ ವಿನ್ಯಾಸದ ಬಗ್ಗೆ 1963ರಲ್ಲಿ ಒಂದು ಪುಸ್ತಕ ಬರೆದ. ಗೆರೆ ಎಳೆಯುವ ಮೊದಲು ಎರಡು ಪಟ್ಟಿ ಮಾಡು ಎನ್ನುವುದು ಅವನ ಪಾಠ: ಬದಲಿಸಲಾಗದವು ಒಂದು ಕಡೆ, ಮನಸ್ಸಿಗೆ ಬೇಕಾದವು ಇನ್ನೊಂದು ಕಡೆ. ನನ್ನ ಬದಲಿಸಲಾಗದ ಪಟ್ಟಿಯಲ್ಲಿ ಗೋಡೆ, ಕಂಬ, ಒಳಬಾಗಿಲು, ಅವ್ವನ ಮೊಣಕಾಲು, ಕೊನೆಗೆ ಹುಣ್ಣಿಮೆ. ಬೇಕಾದವುಗಳ ಪಟ್ಟಿ ಮಗಳು ಬರೆದಳು. ಗಾಡಿ ಉಗರಗೋಳಕ್ಕೆ ಬರಬೇಕು ಎಂಬುದೊಂದೇ ಅದರಲ್ಲಿತ್ತು.

ಹಾಗೆ ಬರೆದ ಮೇಲೆ ದುಂಡನೆಯ ಹಳಿ ತಾನಾಗಿ ಬಿದ್ದುಹೋಯಿತು. ಸುತ್ತುತ್ತ ಇರುವ ಗಾಡಿ ಎಲ್ಲಿಗೂ ಬರುವುದಿಲ್ಲ, ಬಂದಲ್ಲೇ ಮತ್ತೆ ಬರುತ್ತದೆ. ಗುಡ್ಡಕ್ಕೆ ಬರುವವರು ಬರುತ್ತಾರೆ, ಜೋಗುಳಬಾವಿಯಲ್ಲಿ ಮಿಂದು ಮೇಲೆ ಹೋಗಿ ಉಧೋ ಉಧೋ ಎಂದು ಭಂಡಾರ ಹಾರಿಸಿ ತಿರುಗಿ ಹೋಗುತ್ತಾರೆ. ನನ್ನ ಗಾಡಿಯೂ ಹಾಗೆಯೇ ಬಂದು ನಿಲ್ಲಬೇಕು. ಎಂಜಿನ್ ಕಳಚಿಕೊಂಡು ಪಕ್ಕದ ಹಳಿಯಲ್ಲಿ ಹಾಯ್ದು ಇನ್ನೊಂದು ತುದಿಗೆ ಸೇರಿಕೊಳ್ಳಬೇಕು. ಹಳಿ ಎರಡು ತುದಿಯದಾದರೆ ಹಾಳೆ ಅಗಲ ಇರಬೇಕಾಗಿಲ್ಲ. ಅದನ್ನು ಉದ್ದಕ್ಕೆ ಸೀಳಿದರೆ ಎರಡಡಿ ಅಗಲದ ಎರಡು ಪಟ್ಟಿ, ಒಟ್ಟು 16 ಅಡಿ ಉದ್ದ ಸಿಗುತ್ತದೆ. ಕೈಯೂ ಎಟುಕುತ್ತದೆ, ನಡುಮನೆಯೂ ಉಳಿಯುತ್ತದೆ.

ಗೋಡೆಗುಂಟ ಅಳೆದೆ. ಒಳಬಾಗಿಲಿನ ಎಡಕ್ಕೆ 8 ಅಡಿ ಧಾರವಾಡ. ಬಾಗಿಲು 3 ಅಡಿ. ಬಲಕ್ಕೆ 7 ಅಡಿ ಸವದತ್ತಿ. ಅಲ್ಲಿಂದ ಮೂಲೆಯಲ್ಲಿ ತಿರುಗಿ ಅಡ್ಡಗೋಡೆಗುಂಟ ಕಂಬದ ಕಡೆಗೆ 5 ಅಡಿ ಚಾಚಿದ ತೋಳು ಉಗರಗೋಳ. ಮೂಲೆಯ ತಿರುವು ಬಿಗಿಯಾಗದಂತೆ ಒಂದು ತ್ರಿಕೋನದ ತುಂಡು ಸೇರಿಸಬೇಕು, ಅದಕ್ಕೂ ತೋಳಿಗೂ ಎರಡನೆಯ ಹಾಳೆ. ಎಲ್ಲ ಕೂಡಿದರೆ 23 ಅಡಿ, ಏಳು ಮೀಟರ್. 87ರಿಂದ ಗುಣಿಸಿದರೆ ನಿಜದಲ್ಲಿ 610 ಮೀಟರ್ ಮಾತ್ರ. ಧಾರವಾಡದಿಂದ ಸವದತ್ತಿಯೇ ಸುಮಾರು 40 ಕಿಲೋಮೀಟರ್. ಅಳತೆ ಬಿಡದೆ ಕಟ್ಟಿದರೆ 460 ಮೀಟರ್ ಮೇಜು ಬೇಕು. ಹುಬ್ಬಳ್ಳಿಯಲ್ಲಿ 2023ರಲ್ಲಿ ಉದ್ಘಾಟನೆಯಾದ ಪ್ಲಾಟ್‌ಫಾರ್ಮ್ ಒಂದೇ 1507 ಮೀಟರ್, ಜಗತ್ತಿನಲ್ಲೇ ಉದ್ದದ್ದು. ಅದನ್ನು ಎಚ್‌ಓದಲ್ಲಿ ಕಟ್ಟಿದರೆ 57 ಅಡಿಯಾಗಿ ನಮ್ಮ ಮನೆ ದಾಟಿ ಓಣಿಗೆ ಹೋಗುತ್ತದೆ. ನನ್ನ ಇಡೀ ದಾರಿ ಆ ಪ್ಲಾಟ್‌ಫಾರ್ಮಿನ ಅರ್ಧಕ್ಕೂ ಬರುವುದಿಲ್ಲ. ಹೀಗಾಗಿ ಅಮ್ಮಿನಬಾವಿ ಬಿಟ್ಟೆ, ಇನಾಮಹೊಂಗಲ ಬಿಟ್ಟೆ. ಬಿಡುವಾಗ ಸಂಕಟವಾಯಿತು, ಬಸ್ಸಿನ ಕಿಟಕಿಯಲ್ಲಿ ಎಷ್ಟು ಸಲ ಕಂಡ ಊರುಗಳು.

ಬಿಡದೆ ಇಟ್ಟುಕೊಂಡಿದ್ದು ಹಾರೋಬೆಳವಡಿ. ಅಲ್ಲಿ ತುಪ್ಪರಿಹಳ್ಳವಿದೆ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಧಾರವಾಡದ ದಾರಿ ಕಟ್ಟಾಗುವುದು ಈ ಸೀಮೆಯ ಮಂದಿಗೆ ಗೊತ್ತಿದ್ದದ್ದೇ. ನನ್ನ ಮೇಜಿನಲ್ಲಿ ಒಳಬಾಗಿಲೇ ತುಪ್ಪರಿಹಳ್ಳ. ಬಾಗಿಲಿಗೆ ಅಡ್ಡ ಮೇಜು ಬಂದರೆ ಬಗ್ಗಿ ದಾಟಬೇಕು. ಕೊಡ ಹೊತ್ತ ಅವ್ವನಿಗೆ ಅದು ಆಗದ ಮಾತು. ಅದಕ್ಕೆ ಮೂರಡಿಯ ಹಲಗೆ ಒಂದು, ಎತ್ತಿ ಇಡುವಂಥದ್ದು. ಆಟ ಇದ್ದಾಗ ಸೇತುವೆ, ಇಲ್ಲದಾಗ ಬಾಗಿಲು ಬಯಲು. ಹಲಗೆ ಎತ್ತಿದ ಕೂಡಲೇ ಎರಡೂ ದಡದ ಹಳಿಗೆ ಕರೆಂಟ್ ನಿಲ್ಲುವಂತೆ ಅಂಚಿನಲ್ಲಿ ಸಣ್ಣ ಸ್ವಿಚ್ ಕೂಡಿಸಬೇಕು, ಇಲ್ಲದಿದ್ದರೆ ಎಂಜಿನ್ ನೆಟ್ಟಗೆ ಬಂದು ಹಳ್ಳಕ್ಕೆ ಬೀಳುತ್ತದೆ.

ಗಾಡಿಯನ್ನು ಗುಡ್ಡಕ್ಕೆ ಏರಿಸುವ ಆಸೆಯೂ ಇತ್ತು. ಲೆಕ್ಕ ಹಾಕಿದೆ: ನೂರಕ್ಕೆ ಎರಡರ ಏರಿನಲ್ಲಿ 7 ಅಡಿಗೆ ಎರಡು ಇಂಚು ಕೂಡ ಏರುವುದಿಲ್ಲ. ಕ್ಯಾಸಲ್‌ರಾಕಿನಿಂದ ಕುಳೆಂಗೆ ಇಳಿಯುವ ಘಾಟಿನ 37ಕ್ಕೆ ಒಂದರ ಇಳಿಜಾರನ್ನೇ ತಂದಿಟ್ಟರೂ ಎರಡೂಕಾಲು ಇಂಚು. ಹಳಿ ಸಮತಟ್ಟಾಗಿಯೇ ಇರಲಿ, ಗುಡ್ಡ ಗೋಡೆಯ ಮೇಲೆ ಏಳಲಿ ಎಂದುಕೊಂಡೆ. ನಿಜದ ಹಳಿ ಬಂದರೂ ಅದು ನಿಲ್ಲುವುದು ಬುಡದಲ್ಲೇ.

ಎತ್ತರದ ವಿಷಯದಲ್ಲಿ ಅವ್ವನ ಪ್ರಶ್ನೆಗೆ ಉತ್ತರ ಸಿಕ್ಕಿತು. ಪುಣೆಯ ಕೋಥರೂಡಿನಲ್ಲಿ ಬಿ. ಎಸ್. ಜೋಶಿಯವರ ಪುಟ್ಟ ರೈಲುಗಳ ಮ್ಯೂಸಿಯಂ ಇದೆ, 1998ರಿಂದ. ಅಲ್ಲಿ ಹೋದಾಗ ನಾನು ಗಾಡಿಗಳಷ್ಟೇ ಸುತ್ತ ನಿಂತವರನ್ನೂ ನೋಡಿದೆ. ಮಕ್ಕಳ ಕಣ್ಣಿಗೆ ಗಾಡಿ ಎದುರಿಗೆ ಬರುತ್ತದೆ, ದೊಡ್ಡವರು ಅದನ್ನು ಮೇಲಿನಿಂದ ನೋಡುತ್ತಾರೆ. ದೊಡ್ಡವರೂ ಬಗ್ಗಿ ಬಗ್ಗಿ ಮಕ್ಕಳ ಕಣ್ಣಿನ ಮಟ್ಟಕ್ಕೆ ಬರುತ್ತಿದ್ದರು, ಪ್ಲಾಟ್‌ಫಾರ್ಮಿನ ಮೇಲೆ ನಿಂತವರಿಗೆ ರೈಲು ಕಾಣುವುದು ಹಾಗೆಯೇ ಎಂಬ ಕಾರಣಕ್ಕೆ. ಎತ್ತರದ ಮೇಜು ಒಳ್ಳೆಯದು, ಮಗಳಿಗೆ ಒಂದು ಮಣೆ ಹಾಕಿದರಾಯಿತು. ಆದರೆ ಎಷ್ಟು ಎತ್ತರ? ಅವ್ವನನ್ನು ಚಾಪೆಯ ಮೇಲೆ ಕೂರಿಸಿ ನೆತ್ತಿಯವರೆಗೆ ಅಳೆದೆ: 32 ಇಂಚು. ನಿದ್ದೆಗಣ್ಣಲ್ಲಿ ಎದ್ದು ಕೂತವರ ತಲೆಗೆ ತಾಗದಂತೆ 37 ಇಂಚು ಬಿಟ್ಟು, ಮೇಲೆ ಕಟ್ಟಿಗೆಯ ಚೌಕಟ್ಟಿಗೆ 7 ಇಂಚು. 44 ಇಂಚಿಗೆ ಹಳಿ. ತಲೆ ಗೋಡೆಗೆ, ಕಾಲು ಕಂಬದ ಕಡೆಗೆ ಮಾಡಿ ಮಂದಿ ಎಂದಿನಂತೆ ಮಲಗಬಹುದು. ತಲೆಯ ಮೇಲೆ ಎರಡಡಿ ಅಗಲದ ಮಾಡು ಬಂದಂತಾಗುತ್ತದೆ. ಅವ್ವ ಕೆಳಗೆ ಕೂತೇ ಮೇಲೆ ಕೈ ಆಡಿಸಿ ನೋಡಿ, “ಹಂಗಾದ್ರ ಆತು” ಅಂದಳು.

ಚೌಕಟ್ಟು ಬಡಿಗರದು. ಲಿನ್ ವೆಸ್ಟ್‌ಕಾಟ್ ಎಂಬಾತ ಪ್ರಸಿದ್ಧಗೊಳಿಸಿದ ವಿಧಾನವೊಂದಿದೆ: ಉದ್ದಕ್ಕೆ ಎರಡು ತೊಲೆ, ಒಂದೊಂದೂ ಇಂಗ್ಲಿಷ್ ಎಲ್ ಅಕ್ಷರದಂತೆ ಎರಡು ಪಟ್ಟಿ ಕೂಡಿಸಿದ್ದು, ಅವುಗಳ ಮೇಲೆ ಅಡ್ಡ ಜಂತಿ, ಸ್ಕ್ರೂ ಎಲ್ಲ ಕೆಳಗಿನಿಂದ. ಆಮೇಲೆ ಜಂತಿ ಸರಿಸಬೇಕೆಂದರೆ ಮೇಲಿನ ಹಳಿ ಕೀಳಬೇಕಾಗಿಲ್ಲ. ಚಿತ್ರ ತೋರಿಸಿದಾಗ ಬಡಿಗರು ತಲೆ ಎತ್ತಿ ನಮ್ಮ ಮಾಳಿಗೆ ನೋಡಿದರು. “ಇದು ಅದೇ ಐತೆಲ್ರಿ. ತೊಲಿ, ಜಂತಿ.” ಕಾಲುಗಳನ್ನು ತುದಿಗೆ ಕೊಡದೆ ಎರಡೂ ಕಡೆ ಉದ್ದದ ಐದರಲ್ಲೊಂದು ಪಾಲು ಒಳಗೆ ಕೊಟ್ಟರೆ ತೊಲೆ ಜೋಲುವುದಿಲ್ಲ ಎಂಬುದಕ್ಕೆ ಅವರು ಪುಸ್ತಕ ಕೇಳಲಿಲ್ಲ. ಎಂಟಡಿಯ ತೊಲೆಗೆ ಹಾಗೆ ಕಾಲು ಕೊಟ್ಟರೆ ನಡುವೆ ಹತ್ತಿರ ಹತ್ತಿರ ಐದಡಿ ಬಯಲು, ಇಬ್ಬರಿಗೆ ಸಲೀಸು, ಮಕ್ಕಳಾದರೆ ಮೂವರಿಗೆ. ಮಾಳಿಗೆಯ ಮಣ್ಣು ಉದುರಿ ಹಳಿಯ ಮೇಲೆ ಬೀಳದಂತೆ ಮೇಲೊಂದು ಬಟ್ಟೆಯ ಮೇಲ್ಕಟ್ಟು ಕಟ್ಟಲು ಗೂಟವನ್ನೂ ಅವರೇ ಸೂಚಿಸಿದರು.

ಹಾಳೆ ಸೀಳುವ ಮೊದಲು ಭಾರತ ಹುಣ್ಣಿಮೆ ಬಂತು. ತಡೆದುಕೊಂಡಿದ್ದೇ ಒಳ್ಳೆಯದಾಯಿತು. ಮೇಜಿನ ಅಂಚು ಬರುವಲ್ಲಿ ನೆಲಕ್ಕೆ ಸುಣ್ಣದ ಗೆರೆ ಎಳೆದೆ, 44 ಇಂಚಿಗೆ ಸರಿಯಾಗಿ ಗೂಟದಿಂದ ಗೂಟಕ್ಕೆ ಹಗ್ಗ ಕಟ್ಟಿದೆ, ಬಾಗಿಲಲ್ಲಿ ಮಾತ್ರ ಬಿಟ್ಟೆ. ಯಾರಿಗೂ ಏನೂ ಹೇಳಲಿಲ್ಲ. ಮಧ್ಯಾಹ್ನದೊಳಗೆ ಹಗ್ಗದ ತುಂಬ ಜೋಗುಳಬಾವಿಯಲ್ಲಿ ಮಿಂದು ಬಂದವರ ಹಸಿ ಸೀರೆ, ಟವೆಲು. ರಾತ್ರಿ ಹದಿನೆಂಟು ಮಂದಿ ಮಲಗಿದರು. ಅವ್ವ ಎಣಿಸಿ ಬಂದು ಹೇಳಿದಳು.

ಮೂರನೆಯ ದಿನ ಎಲ್ಲರೂ ಹೋದ ಮೇಲೆ ಮಗಳೂ ನಾನೂ ನೆಲ ನೋಡುತ್ತ ನಡೆದೆವು. ಧಾರವಾಡದ ಗೆರೆ ಹಾಸಿಗೆ ಉಜ್ಜಿ ಮಸುಕಾಗಿತ್ತು, ಆದರೂ ಇತ್ತು. ಸವದತ್ತಿಯದೂ ಇತ್ತು. ಉಗರಗೋಳದ ತೋಳಿನ ತುದಿ ಪೂರ್ತಿ ಅಳಿಸಿಹೋಗಿತ್ತು. ಕಂಬಕ್ಕೂ ಅದಕ್ಕೂ ನಡುವೆ ನಾನು ಬಿಟ್ಟ ದಾರಿ ಸಾಕಾಗಿರಲಿಲ್ಲ. ಕೆಳಗಿನಿಂದ ಮೆಟ್ಟಿಲು ಹತ್ತಿ ಕೊಡ ಹೊತ್ತು ಬರುವವರು ಅಲ್ಲೇ ತಿರುಗುತ್ತಾರೆ. ಹಗ್ಗವನ್ನು ಯಾರೋ ಬಿಚ್ಚಿ ಒಂದು ಗೇಣು ಒಳಗಿನ ಗೂಟಕ್ಕೆ ಬಿಗಿಯಾಗಿ ಕಟ್ಟಿ ಹೋಗಿದ್ದರು.

ಉಗರಗೋಳದ ಐದಡಿಯಲ್ಲಿ ಸಡಿಲವೆಂಬುದು ಇರಲಿಲ್ಲ. ಮೂರು ಡಬ್ಬಿಗೆ 29 ಇಂಚು, ಎಂಜಿನ್ ಬಿಚ್ಚಿಕೊಂಡು ಮುಂದೆ ಸರಿಯಲು 10, ಎರಡು ಕಡೆಯ ಹಳಿ ಜೋಡಣೆಗೆ 18, ಕೂಡಿ 57. ಅದರಲ್ಲಿ ಗೇಣು ಕಳೆದರೆ ಒಂದು ಡಬ್ಬಿ ಹೋಗುತ್ತದೆ, ಒಂದು ಡಬ್ಬಿಯ ಉದ್ದವೂ ಹೆಚ್ಚುಕಡಿಮೆ ಗೇಣೇ. ಮಗಳು ರಟ್ಟಿನಲ್ಲಿ ಕತ್ತರಿಸಿ ಬಣ್ಣ ಹಚ್ಚಿಟ್ಟಿದ್ದ ಮೂರು ಡಬ್ಬಿಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟು ಹೊಸ ಗೆರೆಯ ಒಳಗೆ ತೂರಿಸಲು ನೋಡಿದಳು. ಎರಡು ಕೂತವು. ಮೂರನೆಯದನ್ನು ಕೈಯಲ್ಲಿ ಹಿಡಿದುಕೊಂಡು ಬಾಗಿಲು ದಾಟಿ ಆಚೆ ಹೋಗಿ, ಧಾರವಾಡದ ಗೆರೆಯ ಮೇಲೆ ನಿಲ್ಲಿಸಿ ಬಂದಳು. ನಾನು ಬಡಿಗರಿಗೆ ಹೊಸ ಅಳತೆ ಹೇಳಿ ಕಳಿಸಿದೆ.