ಜೀರಿಗೆ ಕಷಾಯ

ವೈದ್ಯಶಾಸ್ತ್ರದ ಒಂದಕ್ಷರವನ್ನೂ ಓದದೆ ವೈದ್ಯನಾಗುವ ಸೌಭಾಗ್ಯ ನಮ್ಮಲ್ಲಿ ಗಂಡಂದಿರಿಗೆಲ್ಲ ಉಂಟು. ರೋಗಿ ಒಬ್ಬಳೇ, ಶುಲ್ಕವಿಲ್ಲ, ಔಷಧಿ ಅಡಿಗೆಮನೆಯ ಡಬ್ಬಿಯಲ್ಲೇ ಸಿಗುತ್ತದೆ. ತಲೆನೋವೆಂದರೆ ನಿದ್ದೆ ಸಾಲದು, ಸೊಂಟನೋವೆಂದರೆ ವಯಸ್ಸಾಯಿತು, ಹೊಟ್ಟೆ ಸರಿಯಿಲ್ಲವೆಂದರೆ ವಾಯು. ಬ್ಯಾಂಕಿನಲ್ಲಿ ಲೆಕ್ಕ ಬರೆಯುವುದು ನನ್ನ ಕಸುಬಾಗಿದ್ದರೂ ಮನೆಯಲ್ಲಿ ಈ ವೈದ್ಯವೃತ್ತಿಯನ್ನು ಮೂವತ್ತಾರು ವರ್ಷ ನಿರಾತಂಕವಾಗಿ ನಡೆಸಿಕೊಂಡು ಬಂದೆ.

2023ರ ಯುಗಾದಿಯ ದಿನ ನನ್ನಾಕೆ ಅರ್ಧ ಹೋಳಿಗೆ ತಿಂದು ಎಲೆ ಮಡಿಸಿದಳು. “ಯಾಕೋ ಎರಡು ತುತ್ತಿಗೇ ಹೊಟ್ಟೆ ತುಂಬಿಬಿಡುತ್ತೇರಿ” ಅಂದಳು. ನಾನು ಪತ್ರಿಕೆಯಿಂದ ತಲೆಯೆತ್ತದೆ “ವಾಯು; ಜೀರಿಗೆ ಕಷಾಯ ಮಾಡಿಕೊಂಡು ಕುಡಿ” ಅಂದೆ. ಕಷಾಯವನ್ನು ಅವಳೇ ಮಾಡಿಕೊಳ್ಳಬೇಕಾಗಿತ್ತೆಂಬುದನ್ನು ಗಮನಿಸಬೇಕು. ಮುಂದೆ ಹೊಟ್ಟೆ ಉಬ್ಬರಿಸುತ್ತದೆಂದಳು, ಕಷಾಯ. ಕಿಬ್ಬೊಟ್ಟೆ ಹಿಡಿದಂತಾಗುತ್ತದೆಂದಳು, ಅದಕ್ಕೂ ಕಷಾಯ. ರಾತ್ರಿ ಮೂರು ನಾಲ್ಕು ಸಲ ಬಚ್ಚಲಿಗೆ ಎದ್ದು ಹೋಗುತ್ತಿದ್ದಳು. ಕಷಾಯ ಹೆಚ್ಚಾಯಿತೇನೋ ಅಂದೆ. ಹೀಗೆ ನಾಲ್ಕು ತಿಂಗಳು.

ಕಡೆಗೆ ಅವಳು ನನ್ನನ್ನು ಕೇಳದೆ ಮಗಳ ಜೊತೆ ಹೋಗಿ ಸ್ಕ್ಯಾನಿಂಗ್ ಮಾಡಿಸಿಕೊಂಡು ಬಂದಳು. ರಕ್ತವನ್ನೂ ಪರೀಕ್ಷಿಸಿದರು. ಸಿಎ-125 ಎಂಬುದೊಂದು ಅಂಶ ಸಾಧಾರಣವಾಗಿ 35ರ ಒಳಗಿರಬೇಕಂತೆ. ಅವಳದು ಸಾವಿರ ದಾಟಿತ್ತು. ಅಂಡಾಶಯದ ಕ್ಯಾನ್ಸರ್, ಮೂರನೆಯ ಹಂತ. ಹೊಟ್ಟೆಯೊಳಗಿನ ಪೊರೆಗೂ ಹಬ್ಬಿದೆ ಎಂದರು. ಡಾಕ್ಟರಮ್ಮ ಬಹಳ ಮೃದುವಾಗಿ ವಿವರಿಸಿದರು: ಈ ಕಾಯಿಲೆ ಗಟ್ಟಿಯಾಗಿ ಮಾತಾಡುವುದಿಲ್ಲ. ಬೇಗ ಹೊಟ್ಟೆ ತುಂಬುವುದು, ಉಬ್ಬರ, ಕಿಬ್ಬೊಟ್ಟೆಯ ನೋವು, ಮೇಲಿಂದ ಮೇಲೆ ಮೂತ್ರಕ್ಕೆ ಹೋಗುವುದು, ಇವೇ ಅದರ ಮಾತು. ಲಕ್ಷಣಗಳಿಲ್ಲದವರಲ್ಲಿ ಮುಂಚೆಯೇ ಕಂಡುಹಿಡಿಯಲು ನೆಚ್ಚಬಹುದಾದ ಪರೀಕ್ಷೆಯೂ ಇಲ್ಲ. ಆದ್ದರಿಂದ ಹೊಸದಾಗಿ ಶುರುವಾದ ಇಂಥ ತೊಂದರೆ ದಿನವೂ ಕಾಡುತ್ತಿದ್ದರೆ ಎರಡು ಮೂರು ವಾರ ನೋಡಿ ತೋರಿಸಿಬಿಡಬೇಕು. ಅವರು ಹೇಳಿದ ನಾಲ್ಕೂ ಲಕ್ಷಣಗಳು ನನಗೆ ಮೊದಲೇ ಗೊತ್ತಿದ್ದುವು. ನಾಲ್ಕಕ್ಕೂ ನಾನು ಔಷಧಿ ಹೇಳಿದ್ದೆ.

ಆಗಸ್ಟಿನಲ್ಲಿ ಶಸ್ತ್ರಚಿಕಿತ್ಸೆ. ಆಮೇಲೆ ಮೂರು ವಾರಕ್ಕೊಮ್ಮೆಯಂತೆ ಆರು ಸಲ ಕೀಮೋ. ಬೆಳಿಗ್ಗೆ ಹೋದರೆ ಸಂಜೆಯವರೆಗೆ ಬಾಟಲಿ ಹನಿಯುವುದನ್ನು ನೋಡುತ್ತ ಕೂರುವ ಕೆಲಸ. ಔಷಧಿಗಳು ಎರಡು. ಒಂದು ಪ್ಯಾಕ್ಲಿಟಾಕ್ಸೆಲ್, ಅಮೆರಿಕದ ಪಶ್ಚಿಮದ ಕಾಡುಗಳಲ್ಲಿ ಬೆಳೆಯುವ ಯೂ ಎಂಬ ಮರದ ತೊಗಟೆಯಲ್ಲಿ ಸಿಕ್ಕಿದ್ದು. ಅದರ ರಚನೆಯನ್ನು 1971ರಲ್ಲಿ ಪ್ರಕಟಿಸಿದವರಲ್ಲಿ ಭಾರತದಲ್ಲಿ ಹುಟ್ಟಿದ ಮನಸುಖ್ ವಾಣಿ ಒಬ್ಬರು. ಇನ್ನೊಂದು ಕಾರ್ಬೊಪ್ಲಾಟಿನ್, ಅದರಲ್ಲಿ ಪ್ಲಾಟಿನಂ ಲೋಹವಿದೆ. ಇದನ್ನೆಲ್ಲ ಓದಿ ಹೇಳಿದಾಗ ಅವಳು ಮಲಗಿದ್ದಲ್ಲಿಂದಲೇ, “ಬಂಗಾರದ ಬಳೆ ಕೇಳಿ ಕೇಳಿ ಸಾಕಾಗಿತ್ತು, ಕಡೆಗೆ ಪ್ಲಾಟಿನಮ್ಮೇ ಕೊಡಿಸಿದಿರಿ” ಅಂದಳು. ಪಕ್ಕದ ಮಂಚದ ಹೆಂಗಸು ನಕ್ಕರು. ನನಗೆ ನಗಲಾಗಲಿಲ್ಲ.

ನಾನು ಒಂದು ನೋಟ್‌ಬುಕ್ ಇಟ್ಟೆ. ಜ್ವರ, ಮಾತ್ರೆ, ಬಿಳಿ ರಕ್ತಕಣ, ಕುಡಿದ ನೀರು, ಎಲ್ಲಕ್ಕೂ ಒಂದೊಂದು ಕಲಂ. ಯಾರು ಬಂದರೂ ತೆಗೆದು ತೋರಿಸುತ್ತಿದ್ದೆ. ಅವಳಿಗೆ ಹೊತ್ತುಹೊತ್ತಿಗೆ ಮಾತ್ರೆ ಕೊಡುವಾಗ ಜೊತೆಗೊಂದು ಉಪದೇಶವನ್ನೂ ಕೊಡುತ್ತಿದ್ದೆ: “ಧೈರ್ಯವಾಗಿರು.” ಎರಡನೆಯ ಕೀಮೋ ಹೊತ್ತಿಗೆ ಕೂದಲು ಕೈಗೆ ಬರಲು ಶುರುವಾಯಿತು. ದಿಂಬಿನ ಮೇಲಿದ್ದುದನ್ನು ಅವಳು ಕಾಣದಂತೆ ಎತ್ತಲು ಹೋಗಿ ಸಿಕ್ಕಿಬಿದ್ದೆ. ರೂಢಿಯಂತೆ “ಧೈರ್ಯವಾಗಿರು” ಅಂದೆ. ಅವಳು ಮೊದಲ ಸಲ ರೇಗಿದಳು. “ಆ ಮಾತು ನಿಲ್ಲಿಸೀಂದ್ರೆ. ನನಗೆ ಹೆದರಿಕೆಯಾಗಿದೆ. ಹೆದರಿಕೆಯಾಗಿದೆ ಅಂದರೆ ಹ್ಞೂ ಅನ್ನಿ, ಸಾಕು.”

ಹ್ಞೂ ಅಂದೆ. ಇಷ್ಟು ಸಣ್ಣ ಮಾತು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ.

ಆ ರಾತ್ರಿ ಇಬ್ಬರಿಗೂ ನಿದ್ದೆಯಿಲ್ಲ. ನಾಲ್ಕು ತಿಂಗಳಿನ ಮಾತನ್ನು ಹೇಳಿಬಿಟ್ಟೆ: “ನೀನು ಹೇಳಿದ್ದೆ, ನಾನು ಕೇಳಲಿಲ್ಲ.” ಬೇರೆಯವರ ಮನೆಯಲ್ಲಾಗಿದ್ದರೆ, ಕಥೆಗಳಲ್ಲಾದರೂ, ಹೆಂಡತಿ ‘ಹಾಗೆನ್ನಬೇಡಿ’ ಎನ್ನುತ್ತಿದ್ದಳೇನೋ. ಇವಳು ಕತ್ತಲಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೇಳಲಿಲ್ಲ, ನಿಜ” ಅಂದಳು. ಆಮೇಲೆ, “ಈಗ ಕೇಳಿ. ನಾಳೆ ಸಾರಿಗೆ ಉಪ್ಪು ಕಡಿಮೆ ಹಾಕಿ. ನನ್ನ ನಾಲಿಗೆ ಕೆಟ್ಟಿದೆ ಅಂತ ನೀವು ಮಾಡಿದ್ದೆಲ್ಲ ಚೆನ್ನಾಗಿದೆ ಅಂದುಕೊಳ್ಳಬೇಡಿ.” ಕ್ಷಮಿಸಿದಳೋ ಇಲ್ಲವೋ ನನಗೆ ಇಂದಿಗೂ ತಿಳಿಯದು. ಆದರೆ ಆ ರಾತ್ರಿಯಿಂದ ಅವಳು ಹೇಳುವುದನ್ನು ನಿಲ್ಲಿಸಲಿಲ್ಲ.

ಡಿಸೆಂಬರಿನಲ್ಲಿ ಆರನೆಯ ಕೀಮೋ ಮುಗಿಯಿತು. ಹಿಂದೆಯೇ ಧನುರ್ಮಾಸ ಬಂತು. ಔಷಧಿಯಿಂದ ಅವಳ ಬೆರಳ ತುದಿಗಳು ಮರಗಟ್ಟಿದ್ದುವು. ರವಿಕೆಯ ಹುಕ್ಕು ಹಾಕಿಕೊಳ್ಳುವುದೂ ಕಷ್ಟ. ರಂಗೋಲಿ ಪುಡಿ ಬೆರಳಲ್ಲಿದೆಯೋ ಜಾರಿಹೋಯಿತೋ ತಿಳಿಯುತ್ತಿರಲಿಲ್ಲ. ಒಂದು ಬೆಳಿಗ್ಗೆ ಬಾಗಿಲಲ್ಲಿ ನಿಂತು ಬರಿ ಅಂಗಳವನ್ನೇ ನೋಡುತ್ತಿದ್ದಳು. ನಾನು ರಂಗೋಲಿ ಬಟ್ಟಲು ತೆಗೆದುಕೊಂಡೆ. ಅವಳು ಕಿವಿಗೆ ಶಾಲು ಸುತ್ತಿಕೊಂಡು ಕುರ್ಚಿಯಲ್ಲಿ ಕೂತಳು. “ಏಳು ಚುಕ್ಕಿ ಇಡಿ. ಸಾಲಿಗೊಂದು ಕಡಿಮೆ ಮಾಡುತ್ತ ನಾಲ್ಕಕ್ಕೆ ನಿಲ್ಲಿಸಿ. ಅಲ್ಲಲ್ಲ, ಎರಡು ಚುಕ್ಕಿಯ ನಡುವೆ ಬರಬೇಕು. ನಾನು ಹೇಳಿದ ಮೇಲೆ ಎಳೆಯಿರಿ.” ಹಾಲಿನ ಹುಡುಗ ಸೈಕಲ್ ನಿಲ್ಲಿಸಿ ನೋಡಿದ. ಎದುರು ಮನೆಯ ನಿವೃತ್ತ ಇಂಜಿನಿಯರು ಗೇಟಿನವರೆಗೂ ಬಂದು, ಗೆರೆ ಸೊಟ್ಟಗಿದೆ ಎಂದು ಅಭಿಪ್ರಾಯ ಕೊಟ್ಟರು. ಸೊಟ್ಟಗೇ ಇತ್ತು. ಆದರೆ ಮೂವತ್ತಾರು ವರ್ಷದಲ್ಲಿ ಮೊದಲ ಬಾರಿಗೆ ನಾನು ಅವಳ ಮಾತನ್ನು ಮೊದಲಿಂದ ಕೊನೆಯವರೆಗೆ ಕೇಳಿ, ಆಮೇಲೆ ಕೈಯಾಡಿಸಿದ್ದೆ. ಸಂಕ್ರಾಂತಿಯವರೆಗೂ ದಿನವೂ ಇದೇ ಪಾಠ ನಡೆಯಿತು.

ಈ ಕಾಯಿಲೆ ಮರಳಿ ಬರುವ ಸ್ವಭಾವದ್ದು ಎಂಬುದು ನಮಗಿಬ್ಬರಿಗೂ ಗೊತ್ತು. ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗುತ್ತೇವೆ. ಹಿಂದಿನ ವಾರ ಇಬ್ಬರೂ ಕಾರಣವಿಲ್ಲದೆ ಜಗಳವಾಡುತ್ತೇವೆ. ವರದಿ ಬಂದ ಮೇಲೆ ದೋಸೆ ತಿಂದುಕೊಂಡು ಮನೆಗೆ ಬರುತ್ತೇವೆ. ಇಲ್ಲಿಯವರೆಗೆ ದೋಸೆ ತಪ್ಪಿಲ್ಲ.

2025ರ ಯುಗಾದಿಯ ಊಟ ಮುಗಿಸಿ ಅವಳು ಗೋಡೆಗೊರಗಿ, “ಹೊಟ್ಟೆ ಭಾರವಾಗಿದೇರಿ” ಅಂದಳು. ನಾನು ಪತ್ರಿಕೆ ಕೆಳಗಿಟ್ಟು ಎದ್ದುಬಂದೆ. “ಯಾವಾಗಿನಿಂದ?” ಅಂದೆ. ನನ್ನ ಮುಖ ನೋಡಿ ಅವಳಿಗೆ ನಗು ಬಂತು. “ಮೂರು ಹೋಳಿಗೆ ತಿಂದಿದೀನಿ. ಭಾರವಾಗದೆ ಇನ್ನೇನು? ಹೋಗಿ, ಸ್ವಲ್ಪ ಜೀರಿಗೆ ಕಷಾಯ ಮಾಡಿಕೊಂಡು ಬನ್ನಿ.”

ಮಾಡಿಕೊಟ್ಟೆ. ಆದರೂ ನೋಟ್‌ಬುಕ್ ತೆಗೆದು ಆ ದಿನದ ತಾರೀಖು ಬರೆದು, ಮುಂದೆ ‘ಹೋಳಿಗೆ, ಮೂರು’ ಎಂದು ಗುರುತು ಹಾಕಿಕೊಂಡೆ.