ಧರ್ಮದ ಖಾತೆಯ ಕಾರು

ನಾನು ಹುಡುಗನಾಗಿದ್ದಾಗ ಗುಂಡ್ಲುಪೇಟೆಯಲ್ಲಿ ಕಾರುಗಳಿಗೆ ಇದ್ದದ್ದು ಎರಡೇ ಜಾತಿ. ಒಂದು ಅಂಬಾಸಿಡರ್, ಮತ್ತೊಂದು ಫಿಯಟ್. ಅಂಬಾಸಿಡರ್ ಬಂತೆಂದರೆ ಒಳಗೆ ಅಧಿಕಾರಿಯೋ, ಮಂತ್ರಿಯೋ, ಇಲ್ಲವೇ ಊಟಿಗೆ ಹೊರಟ ಬಾಡಿಗೆಯವರೋ ಇರಬೇಕು. ಫಿಯಟ್ ಬಂತೆಂದರೆ ಡಾಕ್ಟರೋ, ವಕೀಲರೋ, ಅಂಗಡಿ ಸಾಹುಕಾರರೋ. ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಮೂರನೆಯದೂ ಒಂದಿತ್ತು. ಅದು ಪೆಟ್ರೋಲ್ ಬಂಕಿನ ಮುಂದೆ ನಿಂತರೆ ನಾವು ಸ್ಕೂಲಿನ ಗಂಟೆಯನ್ನೂ ಮರೆತು ನೋಡುತ್ತಿದ್ದೆವು. ಅಂಬಾಸಿಡರ್ ಮೂಲತಃ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ತಯಾರಾಗುತ್ತಿದ್ದುದು ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ. ಫಿಯಟ್ ಮೂಲತಃ ಇಟಲಿಯದು. ತಯಾರಾಗುತ್ತಿದ್ದುದು ಮುಂಬಯಿಯ ಕುರ್ಲಾದಲ್ಲಿ. ಆದರೆ ನಮ್ಮ ಕಡೆಯ ಕಲ್ಲುಮಣ್ಣಿನ ರಸ್ತೆಗೆ ಎರಡೂ ಹೊಂದಿಕೊಂಡ ರೀತಿ ನೋಡಿದರೆ, ಇವು ಮೈಸೂರು ಸೀಮೆಯಲ್ಲೇ ಹುಟ್ಟಿದವೇನೋ ಎನ್ನಿಸುತ್ತಿತ್ತು.

ನಮ್ಮ ತಂದೆಯವರದು ಜವಳಿ ಅಂಗಡಿ. ದುಡ್ಡು ಕಟ್ಟಿ, ಹೆಸರು ಬರೆಸಿ, ಕಾರಿಗಾಗಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲ ಅದು. ಕೊನೆಗೂ 1974ರಲ್ಲಿ ನಮ್ಮ ಮನೆಗೆ ಕಾರು ಬಂತು. ಅದೇ ಸುಮಾರಿಗೆ ಕಂಪನಿಯವರು ಅದಕ್ಕೆ ‘ಪ್ರೀಮಿಯರ್ ಪದ್ಮಿನಿ’ ಎಂದು ನಾಮಕರಣ ಮಾಡಿದ್ದರು. ಊರಿನವರು ಆ ಹೆಸರಿಗೆ ಕಿವಿಗೊಡಲಿಲ್ಲ. ಅಂದಿನಿಂದ ಇಂದಿನವರೆಗೆ ಅದು ‘ಫಿಯಟ್’ ಮಾತ್ರ.

ಕಾರು ನಮ್ಮದೆಂಬುದು ಕಾಗದದ ಮೇಲಷ್ಟೆ. ನಡುರಾತ್ರಿ ಯಾರ ಮನೆಯ ಹೆಣ್ಣುಮಗಳಿಗೆ ನೋವು ಕಾಣಿಸಿಕೊಂಡರೂ ನಮ್ಮ ಬಾಗಿಲು ಬಡಿಯುತ್ತಿದ್ದರು. ಮೈಸೂರಿನ ಆಸ್ಪತ್ರೆಗೆ ಸುಮಾರು 60 ಕಿಲೋಮೀಟರು. ಬೇಗೂರು ದಾಟಿ, ನಂಜನಗೂಡು ಸೇರುವಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಮಗು ಅತ್ತ ಉದಾಹರಣೆಯೂ ಉಂಟು. ಎಸ್‌.ಎಸ್‌.ಎಲ್‌.ಸಿ. ಪರೀಕ್ಷೆಯ ದಿನ ಬಸ್ಸು ತಪ್ಪಿಸಿಕೊಂಡ ಹುಡುಗರನ್ನು ಒಬ್ಬರ ಮೇಲೊಬ್ಬರಂತೆ ತುಂಬಿಕೊಂಡು ಹೋದದ್ದೂ ಉಂಟು. ತಂದೆಯವರು ವ್ಯಾಪಾರಸ್ಥರು, ಲೆಕ್ಕ ಬಿಟ್ಟವರಲ್ಲ. ಎಲ್ಲಿಗೆ, ಎಷ್ಟು ಮೈಲಿ, ಎಷ್ಟು ಪೆಟ್ರೋಲು ಎಂದು ಕೆಂಪು ರಟ್ಟಿನ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಅಂಗಡಿಯ ಓಡಾಟಕ್ಕೆ ಒಂದು ಪುಟ, ಇಂಥ ಓಡಾಟಕ್ಕೆ ಇನ್ನೊಂದು ಪುಟ. ಆ ಎರಡನೆಯ ಪುಟದ ತಲೆಯ ಮೇಲೆ ‘ಧರ್ಮದ ಖಾತೆ’ ಎಂದಿರುತ್ತಿತ್ತು. ಹಿಂದಿನ ವರ್ತಕರಿಗೆಲ್ಲ ಇಂಥದೊಂದು ಖಾತೆ ಇರುತ್ತಿತ್ತು. ನಮ್ಮಲ್ಲಿ ಅದು ನಾಲ್ಕು ಚಕ್ರದ ಮೇಲೆ ಓಡುತ್ತಿತ್ತು.

ತಂದೆಯವರು ಹೋದರು, ಅಂಗಡಿ ಮುಚ್ಚಿತು. ಪಿ.ಯು. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಾ ನಾನು ಚಾಮರಾಜನಗರಕ್ಕೆ ಬಂದು ನೆಲೆಸಿದೆ. ಕಾರೂ ಜೊತೆಗೆ ಬಂತು. ಹಳೆಯ ಕಾರು ಇಟ್ಟುಕೊಳ್ಳುವುದೆಂದರೆ ವಯಸ್ಸಾದ ಹಿರಿಯರನ್ನು ನೋಡಿಕೊಂಡಂತೆ. ಒಂದು ಸಮಸ್ಯೆ ತೀರುವಷ್ಟರಲ್ಲಿ ಇನ್ನೊಂದು ಎದ್ದಿರುತ್ತದೆ. ಬೇಸಿಗೆಯಲ್ಲಿ ಎಂಜಿನ್ನಿನ ಶಾಖಕ್ಕೆ ಪೆಟ್ರೋಲು ಕೊಳವೆಯಲ್ಲೇ ಆವಿಯಾಗಿ ಗಾಡಿ ನಿಂತುಬಿಡುತ್ತದೆ; ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಮರದ ನೆರಳಿನಲ್ಲಿ ಕಾಯಬೇಕು. 2000ದಲ್ಲಿ ದೇಶದಾದ್ಯಂತ ಸೀಸ ಬೆರೆಸಿದ ಪೆಟ್ರೋಲು ನಿಂತಿತು. ಮಕ್ಕಳ ಮಿದುಳಿಗೆ ಸೀಸ ವಿಷವಾದ್ದರಿಂದ ಅದು ನಿಂತದ್ದು ಒಳ್ಳೆಯದೇ. ಆದರೆ ಹಳೆಯ ಎಂಜಿನ್ನುಗಳ ವಾಲ್ವುಗಳು ಕೂರುವ ಜಾಗ ಸವೆಯದಂತೆ ಕಾಪಾಡುತ್ತಿದ್ದುದೂ ಅದೇ ಸೀಸ. ಈಗ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆಯುತ್ತಿದೆ. ಹಳೆಯ ರಬ್ಬರ್ ಪೈಪುಗಳು ಅದಕ್ಕೆ ಉಬ್ಬಿ ಬಿರಿಯುತ್ತವೆ, ಒಂದೊಂದನ್ನೇ ಬದಲಾಯಿಸಿದ್ದಾಯಿತು. ಈ ಶತಮಾನ ಕಾಲಿಡುವ ಹೊತ್ತಿಗೇ ಪದ್ಮಿನಿಯ ತಯಾರಿಕೆ ನಿಂತಿತ್ತು. ಅಂಬಾಸಿಡರ್ 2014ರಲ್ಲಿ ನಿಂತಿತು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಇಳಿದದ್ದು 2023ರ ಅಕ್ಟೋಬರಿನಲ್ಲಿ. ಬಿಡಿಭಾಗ ಬೇಕೆಂದರೆ ಗುಜರಿ ಅಂಗಡಿಯೇ ಗತಿ.

‘ಅಪ್ಪ, ಒಳ್ಳೇ ರೇಟು ಬಂದಾಗ ಕೊಟ್ಟುಬಿಡಿ’ ಎಂದು ಬೆಂಗಳೂರಿನಲ್ಲಿರುವ ಮಗ ವರ್ಷಕ್ಕೆರಡು ಬಾರಿಯಾದರೂ ಹೇಳುತ್ತಾನೆ. ಅವನ ಮಾತಿನಲ್ಲಿ ತಪ್ಪೇನೂ ಇಲ್ಲ. 50 ವರ್ಷ ದಾಟಿದ, ಮೂಲ ರೂಪ ಕೆಡದ ವಾಹನಗಳಿಗೆಂದು ಕೇಂದ್ರ ಸರ್ಕಾರ 2021ರಲ್ಲಿ ಪ್ರತ್ಯೇಕ ನಿಯಮ ತಂದಿತು. 20,000 ರೂಪಾಯಿ ಕಟ್ಟಿದರೆ 10 ವರ್ಷಕ್ಕೆ ನೋಂದಣಿ ಸಿಗುತ್ತದೆ. ಆದರೆ ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲು ಹಾಕಿಸುವುದು ಇಂಥ ಕೆಲಸಕ್ಕಷ್ಟೇ ಹೊರಗೆ ತೆಗೆಯಬಹುದು, ದಿನನಿತ್ಯದ ಓಡಾಟಕ್ಕಿಲ್ಲ. ಸಂತೆಗೂ ಹೋಗಲಾರದ ಕಾರು ನಮ್ಮ ತಂದೆಯವರ ಕಾರಲ್ಲ ಎಂದುಕೊಂಡು ನಾನು ಹಳೆಯ ನೋಂದಣಿಯನ್ನೇ ನವೀಕರಿಸಿಕೊಂಡು ಬಂದಿದ್ದೇನೆ.

ಹಳೆಯ ವಾಹನದ ಹುಚ್ಚು ಶ್ರೀಮಂತರದು ಎಂಬ ಮಾತಿದೆ. ಅರ್ಧ ನಿಜ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲೋ, ಶ್ರೀರಂಗಪಟ್ಟಣದ ಬಳಿ 2023ರಲ್ಲಿ ತೆರೆದ ‘ಪಯಣ’ದಲ್ಲೋ ನಿಂತಿರುವ ಕೆಲವು ಕಾರುಗಳು ರಾಜಮಹಾರಾಜರ ಕಾಲದವು. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬೇಕಾದ ಜಾಗಗಳು ಅವು. ಆದರೆ ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ 1960ರ ದಶಕದಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಬೈಕುಗಳನ್ನು ಇಂದಿಗೂ ಓಡಿಸುತ್ತಿರುವವರು ಮೇಷ್ಟರು, ಗುಮಾಸ್ತರು, ರೈತರು. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನವೆಂದು ಅವರೆಲ್ಲ ಸೇರುತ್ತಾರೆ. 2012ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಆರಂಭವಾದ ಒಂದು ಸವಾರಿಯ ಕಥೆಯೂ ಇಂಥದ್ದೇ. ಹಳೆಯ ಮಾದರಿಯ ಬೈಕುಗಳ ಮೇಲೆ ಕೋಟು, ಟೈ ತೊಟ್ಟು ಹೊರಡುವ ಇವರು ಗಂಡಸರ ಪ್ರಾಸ್ಟೇಟ್ ಕ್ಯಾನ್ಸರಿನ ಸಂಶೋಧನೆಗೆ, ಮಾನಸಿಕ ಆರೋಗ್ಯಕ್ಕೆ ಹಣ ಕೂಡಿಸುತ್ತಾರೆ. ಬೆಂಗಳೂರಿನ ಸವಾರರೂ ಅದರಲ್ಲಿ ಸೇರಿಕೊಂಡಿದ್ದಾರೆ.

ನಮ್ಮದು ಅಷ್ಟು ದೊಡ್ಡದಲ್ಲ. ಮೈಸೂರು, ಚಾಮರಾಜನಗರದ ಕಡೆಯ ಹನ್ನೆರಡು ಹಳೆಯ ಕಾರುಗಳ ಯಜಮಾನರ ಒಂದು ಕೂಟ. ವರ್ಷಕ್ಕೊಮ್ಮೆ, ಚೆಂಡುಹೂವು ಅರಳುವ ಜುಲೈ–ಆಗಸ್ಟಿನಲ್ಲಿ, ಮೈಸೂರಿನಿಂದ ನಂಜನಗೂಡು, ಬೇಗೂರು, ಗುಂಡ್ಲುಪೇಟೆ, ಅಲ್ಲಿಂದ ತೆರಕಣಾಂಬಿಯ ಮೇಲೆ ಚಾಮರಾಜನಗರ, ಮತ್ತೆ ಮೈಸೂರು. ಒಟ್ಟು 150 ಕಿಲೋಮೀಟರಿನ ತ್ರಿಕೋನ. ಬಂಡೀಪುರದ ಒಳಕ್ಕೆ ಹೋಗುವುದಿಲ್ಲ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಕಾಡಿನ ರಸ್ತೆಯಲ್ಲಿ ವಾಹನ ಸಂಚಾರಕ್ಕೆ ನಿಷೇಧ ಬಂದದ್ದು 2009ರಲ್ಲಿ. ಹಗಲಿನಲ್ಲಾದರೂ ಹನ್ನೆರಡು ಸೈಲೆನ್ಸರುಗಳ ಸಂಗೀತ ಕಚೇರಿ ಆನೆಗಳಿಗೆ ಯಾಕೆ ಬೇಕು? ಮುಖ್ಯಮಂತ್ರಿಗಳು ಕಾಲಿಟ್ಟರೆ ಕುರ್ಚಿ ಹೋಗುತ್ತದೆಂಬ ಮೂಢನಂಬಿಕೆ ಚಾಮರಾಜನಗರಕ್ಕೆ ಬಹುಕಾಲ ಅಂಟಿಕೊಂಡಿತ್ತು. ನಮ್ಮ ಕಾರುಗಳಿಗೆ ಆ ಭಯವಿಲ್ಲ. ಅವುಗಳಲ್ಲಿ ಕೆಲವಕ್ಕೆ ಸೀಟಿನ ಸ್ಪ್ರಿಂಗೇ ಹೋಗಿದೆ.

ಕಾರಿಗೆ 5,000 ರೂಪಾಯಿಯಂತೆ ಕೂಡಿಸಿ, ದಾರಿಯಲ್ಲಿ ಸಿಗುವ ಒಂದು ಸರ್ಕಾರಿ ಪ್ರೌಢಶಾಲೆಗೆ ಕೊಡುವುದು ಮೊದಲ ವರ್ಷದ ಯೋಜನೆ. ಕಾಡಂಚಿನ ಒಂದು ಶಾಲೆಯನ್ನು ಆರಿಸಿಕೊಂಡೆವು. ಮುಂಚೆಯೇ ಹೋಗಿ ಮುಖ್ಯೋಪಾಧ್ಯಾಯಿನಿಯವರನ್ನು ಕೇಳಿದಾಗ ಅವರು, ‘ನೋಟ್‌ಬುಕ್ಕು, ಬ್ಯಾಗು ಬೇಡಿ ಸಾರ್. ಜೂನ್ ತಿಂಗಳಲ್ಲಿ ಬರುವ ದಾನಿಗಳೆಲ್ಲ ಅದನ್ನೇ ತರುತ್ತಾರೆ. ನಮ್ಮ ಪ್ರಯೋಗಾಲಯದ ಬೀರುವಿನಲ್ಲಿ ಬೀಗ ಬಿಟ್ಟರೆ ಬೇರೇನಿಲ್ಲ’ ಎಂದರು. ಸೂಕ್ಷ್ಮದರ್ಶಕ, ಮಲ್ಟಿಮೀಟರ್, ಕಾಂತಗಳು, ತಂತಿ, ಮಸೂರಗಳು ಎಂದು ಪಟ್ಟಿ ಮಾಡಿಕೊಟ್ಟರು. ದಾನ ಮಾಡಹೊರಟವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಏನು ಬೇಕೆಂದು ಕೇಳಿ ಕೊಡುವುದೇ ಲೇಸು.

ಕಾರುಗಳು ಶಾಲೆಯ ಮೈದಾನದಲ್ಲಿ ಸಾಲಾಗಿ ನಿಂತವು. ಹಾರ, ಭಾಷಣ, ಚಪ್ಪಾಳೆ ಎಲ್ಲ ಮುಗಿಯಿತು. ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತ.

‘ಸಾರ್, ಇಷ್ಟೂ ಕಾರಿಗ ಪೆಟ್ರೋಲು ಎಷ್ಟಾಯ್ತು? ಆ ದುಡ್ಡನ್ನೂ ಸೇರ್ಸಿ ಕೊಟ್ಟಿದ್ರ ಆಯ್ತಿರ್ಲಿಲ್ವಾ?’

ಶಿಕ್ಷಕರು ಕಣ್ಣು ಬಿಟ್ಟರು. ನಾನು ಅವರನ್ನು ತಡೆದೆ. ಜೀವನವಿಡೀ ಪ್ರಶ್ನೆ ಕೇಳಿರೆಂದು ಮಕ್ಕಳಿಗೆ ಹೇಳುತ್ತಾ ಬಂದವನು ಒಂದು ಒಳ್ಳೆಯ ಪ್ರಶ್ನೆ ಬಂದಾಗ ಮುಖ ತಿರುಗಿಸಬಾರದು. ಕಪ್ಪುಹಲಗೆ ತರಿಸಿ ಅವನ ಕೈಯಲ್ಲೇ ಲೆಕ್ಕ ಮಾಡಿಸಿದೆ. ಕಾರಿಗೆ 150 ಕಿಲೋಮೀಟರು, ಲೀಟರಿಗೆ 12. ಅಂದರೆ ಕಾರಿಗೆ ಹನ್ನೆರಡೂವರೆ ಲೀಟರು. ಹನ್ನೆರಡು ಕಾರಿಗೆ 150 ಲೀಟರು. ಲೀಟರಿಗೆ 100 ರೂಪಾಯಿಯೆಂದು ಹಿಡಿದರೂ 15,000. ನಾವು ಕೊಟ್ಟದ್ದು 60,000. ಕೊಟ್ಟದ್ದರ ಕಾಲು ಭಾಗದಷ್ಟು ದುಡ್ಡು ಹೊಗೆಯಾಗಿ ಹೋಗಿತ್ತು.

ಕಾರು ಓಡಿಸದೆ ಇದ್ದರೆ ಈ ಹನ್ನೆರಡು ಜನ ಮನೆಯಲ್ಲೇ ಕುಳಿತು 60,000 ಕಳಿಸುತ್ತಿದ್ದರೇ? ಕೆಲವರು ಕಳಿಸುತ್ತಿದ್ದರು, ಹೆಚ್ಚಿನವರು ಕಳಿಸುತ್ತಿರಲಿಲ್ಲ. ಮನುಷ್ಯನ ಸ್ವಭಾವವೇ ಹಾಗೆ. ಜಾತ್ರೆಯಿದ್ದರೆ ಹುಂಡಿ ತುಂಬುತ್ತದೆ. ಹುಡುಗನಿಗೆ ಇದನ್ನು ಹೇಳಿದೆ, ಅವನು ಒಪ್ಪಿದ. ಆದರೂ ಆ ಕಾಲು ಭಾಗ ನಮ್ಮನ್ನು ಕೊರೆಯುತ್ತಿತ್ತು. ವಾಪಸು ಬರುವಾಗ ತೆರಕಣಾಂಬಿಯ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ನಾನು ತಂದೆಯವರ ಕೆಂಪು ರಟ್ಟಿನ ಪುಸ್ತಕದ ವಿಷಯ ತೆಗೆದೆ. ಅಲ್ಲೇ ಒಂದು ಕಟ್ಟಳೆ ಹುಟ್ಟಿತು: ಪ್ರತಿಯೊಬ್ಬರೂ ಆ ದಿನ ಸುಟ್ಟ ಪೆಟ್ರೋಲಿನ ರಸೀದಿ ತೋರಿಸಿ, ಅಷ್ಟೇ ಮೊತ್ತವನ್ನು ಬೇರೆಯಾಗಿ ಡಬ್ಬಿಗೆ ಹಾಕಬೇಕು. ನನ್ನ ಹಳೇ ಫಿಯಟ್ಟಿಗೆ ಬಾಯಾರಿಕೆ ಹೆಚ್ಚು; ಆದ್ದರಿಂದ ದಾನವೂ ಹೆಚ್ಚು. ಇಬ್ಬರು ಮುನಿಸಿಕೊಂಡರು, ಹತ್ತು ಜನ ಉಳಿದೆವು. ಕಟ್ಟಳೆಯೂ ಉಳಿಯಿತು.

ಆ ದಿನ ನಡೆದ ಇನ್ನೊಂದು ಸಂಗತಿಗೆ ರಸೀದಿಯಿಲ್ಲ. ಊಟದ ನಂತರ ಬಾನೆಟ್ಟುಗಳನ್ನು ತೆರೆದಿಟ್ಟು ಮಕ್ಕಳನ್ನು ಕರೆದೆವು. ಇಂದಿನ ಕಾರುಗಳ ಬಾನೆಟ್ ಎತ್ತಿದರೆ ಕಾಣುವುದು ಕಪ್ಪು ಪ್ಲಾಸ್ಟಿಕ್ಕಿನ ಮುಚ್ಚಳ. 1089 ಸಿ.ಸಿ.ಯ ಫಿಯಟ್ ಎಂಜಿನ್ನಿನಲ್ಲಿ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಇದು ಕಾರ್ಬುರೇಟರ್, ಗಾಳಿಗೂ ಪೆಟ್ರೋಲಿಗೂ ಮದುವೆಯಾಗುವ ಚಪ್ಪರ. ಇದು ಫ್ಯಾನ್ ಬೆಲ್ಟು. ಇದು ಇಗ್ನಿಷನ್ ಕಾಯಿಲ್. 12 ವೋಲ್ಟಿನ ಬ್ಯಾಟರಿಯಿಂದ ಹತ್ತು ಸಾವಿರ ವೋಲ್ಟಿಗೂ ಮಿಗಿಲಾದ ಕಿಡಿ ಹುಟ್ಟುವುದು ಇದರೊಳಗೆ. 1831ರಲ್ಲಿ ಫ್ಯಾರಡೆ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆ ಎಂದರೆ ಇದೇ. ಮೂವತ್ತು ವರ್ಷ ಪಾಠ ಹೇಳಿದ್ದೇನೆ. ಆ ಮಧ್ಯಾಹ್ನದಷ್ಟು ಸದ್ದಿಲ್ಲದ ತರಗತಿಯನ್ನು ಕಂಡಿಲ್ಲ.

ನಮ್ಮ ಜೊತೆ ಚಾಮರಾಜನಗರದ ನನ್ನ ಮೆಕ್ಯಾನಿಕ್ಕೂ ಬಂದಿದ್ದರು. ವಯಸ್ಸು ಎಪ್ಪತ್ತರ ಹತ್ತಿರ. ಮಗ ಮೊಬೈಲ್ ಅಂಗಡಿ ಹಾಕಿಕೊಂಡಿದ್ದಾನೆ. ‘ಮೇಷ್ಟ್ರೇ, ಈಗಿನೋರು ಕಂಪ್ಯೂಟರ್ ಚುಚ್ಚಿ ನೋಡ್ತಾರ. ಇದ್ಕ ಕಿವಿ ಕೊಡ್ಬೇಕು’ ಎಂಬುದು ಅವರ ಮಾತು. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಅವರ ಪಕ್ಕವೇ ನಿಂತು ಕಿವಿ ಕೊಟ್ಟಿದ್ದಳು. ‘ಒಂದು ಸಿಲಿಂಡರು ಸರಿಯಾಗಿ ಹೊಡೀತಿಲ್ಲ ಅಲ್ವಾ ತಾತ?’ ಎಂದಳು. ಅವರು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರು. ಮಸಿ ಹಿಡಿದಿತ್ತು.

ಎಸ್‌.ಎಸ್‌.ಎಲ್‌.ಸಿ. ಮುಗಿದ ಮೇಲೆ ಆ ಹುಡುಗಿ ತಾಯಿಯನ್ನು ಕರೆದುಕೊಂಡು ಮೆಕ್ಯಾನಿಕ್ಕಿನ ಶೆಡ್ಡಿಗೆ ಬಂದಳು. ನಾನೂ ಅಲ್ಲಿದ್ದೆ. ತಾಯಿ ಕೂಲಿಗೆ ಹೋಗುವಾಕೆ, ಅರಿಶಿನ ಬೇಯಿಸುವ ಕೆಲಸದಿಂದ ಬೆರಳೆಲ್ಲ ಹಳದಿ. ‘ಹೆಣ್ಮಗ ಗ್ರೀಸು ಮೆತ್ಕೊಂಡು ಕೂತ್ರ ಯಾರ್ ಸಾ ಕೆಲ್ಸ ಕೊಟ್ಟಾರು?’ ಎಂದು ಕೇಳಿದಳು. ಅವಳದು ಅಳುಕಿನ ಮಾತಲ್ಲ, ಬದುಕಿನ ಲೆಕ್ಕ. ಐ.ಟಿ.ಐ.ಯಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ಎಂಬ ಎರಡು ವರ್ಷದ ತರಬೇತಿಯಿದೆ, ಎಸ್‌.ಎಸ್‌.ಎಲ್‌.ಸಿ. ಪಾಸಾದರೆ ಸಾಕು, ಆ ಸರ್ಟಿಫಿಕೇಟಿಗೆ ದೇಶದಾದ್ಯಂತ ಮಾನ್ಯತೆಯಿದೆ ಎಂದು ಹೇಳಿದೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾದ್ದರಿಂದ ಓಡಾಟದ ಖರ್ಚು ಅವಳಿಗೆ ಹೆದರಿಕೆಯಲ್ಲ. ಇದ್ದದ್ದು ಒಂದೇ ಚಿಂತೆ, ನಾಲ್ಕು ಜನ ಏನೆಂದುಕೊಂಡಾರು ಎಂಬುದು. ಮೆಕ್ಯಾನಿಕ್ಕು ಕೈ ಒರೆಸಿಕೊಳ್ಳುತ್ತಾ ಹೇಳಿದರು: ‘ನನ್ ಶೆಡ್ಡಿಗ ಹತ್ತು ವರ್ಸದಿಂದ ಕಲಿಯೋ ಹೈಕ್ಳು ಬಂದಿಲ್ಲ ಕಣವ್ವ. ಓದ್ಕ ಬರ್ಲಿ, ಮಿಕ್ಕಿದ್ದ ನಾನ್ ಕಲಿಸ್ತೀನಿ.’

ತಾಯಿ ಬಹಳ ಹೊತ್ತು ಕಾರನ್ನೇ ನೋಡುತ್ತಿದ್ದಳು. ‘ಆಯ್ತು, ಅರ್ಜಿ ಹಾಕವ್ವ’ ಎಂದಳು.

ಈ ಪತ್ರಿಕೆ ಓದುವ ತಂದೆತಾಯಿಗಳಿಗೆ ನನ್ನದೊಂದು ಮಾತು. ಮಕ್ಕಳು ಗಡಿಯಾರ ಬಿಚ್ಚಿದರೆ, ಸೈಕಲ್ಲಿನ ಚೈನು ಕಳಚಿದರೆ ಗದರಬೇಡಿ; ಸ್ಕ್ರೂಗಳನ್ನು ಒಂದು ತಟ್ಟೆಯಲ್ಲಿ ಎತ್ತಿಡಲು ಹೇಳಿ. ಅಂಕಪಟ್ಟಿಯಲ್ಲಿ ಕಾಣದ ಬುದ್ಧಿ ಕೆಲವು ಮಕ್ಕಳ ಬೆರಳಿನಲ್ಲಿ, ಕಿವಿಯಲ್ಲಿ ಇರುತ್ತದೆ. ವಿದ್ಯಾರ್ಥಿಗಳಿಗೂ ಒಂದು ಮಾತು. ಯಾರೇ ದಾನ ಕೊಡಲು ಬರಲಿ, ಹಾರ ಹಾಕಿಸಿಕೊಂಡವರಾದರೂ ಸರಿ, ವಿನಯದಿಂದ ಲೆಕ್ಕ ಕೇಳಿ. ಒಳ್ಳೆಯ ಮನಸ್ಸಿನಿಂದ ಬಂದವರು ಅದರಿಂದ ಕುಗ್ಗುವುದಿಲ್ಲ.

ಮಗನಿಗೆ ಈಚೆಗೆ ನಾನು ಉತ್ತರ ಹೇಳಿದ್ದೇನೆ. ಕಾರನ್ನು ಮಾರುವುದಿಲ್ಲ. ಆ ಹುಡುಗಿಯ ತರಬೇತಿ ಮುಗಿಯುವವರೆಗಾದರೂ ಅದು ಓಡುತ್ತಿರಬೇಕು. ಕಲಿತದ್ದನ್ನು ಪರೀಕ್ಷಿಸಿಕೊಳ್ಳಲು ಅವಳಿಗೆ ಒಂದು ಕೆಟ್ಟ ಕಾರು ಬೇಡವೇ?