ಊರೂರು ತಿರುಗಿದ ಇರಾವತಿಯಜ್ಜಿ

ನಮ್ಮ ಕಡೆ ಮದುವೆಮನೆಗೆ ಹೋದರೆ, ಕಂಬಕ್ಕೊರಗಿ ಕೂತ ಅಜ್ಜಿಯೊಬ್ಬರು ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡು ಕೇಳಿಯೇ ಕೇಳುತ್ತಾರೆ: "ನೀನು ಯಾರ ಪೈಕಿ ಮಗೂ?" ಅಪ್ಪನ ಹೆಸರು ಹೇಳಿದರೆ ಸಾಲದು. ಅಮ್ಮನ ತೌರು ಯಾವುದು, ಸೋದರಮಾವ ಎಲ್ಲಿದ್ದಾರೆ, ಅತ್ತೆಯನ್ನು ಯಾವೂರಿಗೆ ಕೊಟ್ಟಿದೆ, ಎಲ್ಲ ಒಪ್ಪಿಸಬೇಕು. ಕೊನೆಗೆ ನಮಗೇ ಗೊತ್ತಿಲ್ಲದ ನಂಟೊಂದನ್ನು ಹುಡುಕಿ ತೆಗೆದು, "ಹಾಗಾದರೆ ನೀನು ನನಗೆ ಮೊಮ್ಮಗನೇ ಆಗಬೇಕು" ಅನ್ನುತ್ತಾರೆ. ಇದನ್ನು ಕೆಲಸವಿಲ್ಲದವರ ಮಾತು ಎಂದು ತಳ್ಳಿಹಾಕುವವರಿಗೆ ನಾನು ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆಯವರ ಹೆಸರು ಹೇಳುತ್ತೇನೆ. ಅಜ್ಜಿಯರ ಇದೇ ಪ್ರಶ್ನೆಯನ್ನು ಹಿಡಿದು ದೇಶ ಸುತ್ತಿ, ಅದಕ್ಕೆ ಶಾಸ್ತ್ರದ ಮರ್ಯಾದೆ ತಂದುಕೊಟ್ಟವರು ಅವರು.

ಹೆಣ್ಣುಮಕ್ಕಳಿಗೆ ನದಿಯ ಹೆಸರಿಡುವುದು ನಮ್ಮಲ್ಲಿ ಹಳೆಯ ರೂಢಿ. ಕಾವೇರಮ್ಮ, ತುಂಗಮ್ಮ, ಗೋದಾವರಿಬಾಯಿ ಇಲ್ಲದ ಬೀದಿಯೇ ಒಂದು ಕಾಲಕ್ಕೆ ಇರಲಿಲ್ಲ. ಇರಾವತಿಯ ನದಿ ಮಾತ್ರ ಬರ್ಮಾದ್ದು. ಅಪ್ಪ ಅಲ್ಲಿ ನೌಕರಿಯಲ್ಲಿದ್ದಾಗ, 1905ರಲ್ಲಿ, ಆ ನದಿಯ ದಂಡೆಯ ಊರಿನಲ್ಲಿ ಹುಟ್ಟಿದ ಮಗುವಿಗೆ ನದಿಯ ಹೆಸರನ್ನೇ ಇಟ್ಟರು. ಓದಲೆಂದು ಎಳೆಯ ವಯಸ್ಸಿನಲ್ಲೇ ಪುಣೆಯ ಹುಜೂರಪಾಗಾ ಶಾಲೆಗೆ ಕಳಿಸಿದರು. ಅಲ್ಲಿ ಗೆಳತಿಯಾದವಳು ಗಣಿತಜ್ಞ ರ್ಯಾಂಗ್ಲರ್ ಪರಾಂಜಪೆಯವರ ಮಗಳು ಶಕುಂತಲಾ. ಗೆಳತಿಯ ತಾಯಿ ಈ ಹುಡುಗಿಯನ್ನು ತಮ್ಮ ಮನೆಗೇ ಕರೆತಂದು ಸಾಕಿದರು. ಹೆತ್ತ ಮನೆಯೊಂದು, ಬೆಳೆಸಿದ ಮನೆಯೊಂದು. ಸಂಬಂಧವೆನ್ನುವುದು ರಕ್ತದಲ್ಲಿ ಮುಗಿಯುವುದಿಲ್ಲ ಎನ್ನುವುದನ್ನು ಅವರು ಪುಸ್ತಕದಿಂದ ಕಲಿಯಬೇಕಾಗಲಿಲ್ಲ.

ಮದುವೆಯಾದದ್ದು ದಿನಕರ ಕರ್ವೆಯವರನ್ನು. ಮಾವ ಮಹರ್ಷಿ ಧೋಂಡೋ ಕೇಶವ ಕರ್ವೆ. ಸ್ತ್ರೀಶಿಕ್ಷಣಕ್ಕೆ ಬಾಳು ಸವೆಸಿ, 1958ರಲ್ಲಿ ಭಾರತರತ್ನ ಪಡೆದವರು. ಆದರೆ ಸೊಸೆ ಓದಲು ಜರ್ಮನಿಗೆ ಹೊರಟಾಗ ಅವರೂ ಬೇಡವೆಂದರು. ಗಂಡ ಬೆನ್ನಿಗೆ ನಿಂತರು, ಸಾಲ ಮಾಡಿದ್ದಾಯಿತು, 1928ರಲ್ಲಿ ಇರಾವತಿ ಬರ್ಲಿನ್‌ಗೆ ಹೋದರು. ಅಲ್ಲಿನ ಗುರು ಯೂಜೆನ್ ಫಿಷರ್. ಬಿಳಿಯರ ತಲೆಬುರುಡೆಯ ಎಡಬಲಗಳ ವ್ಯತ್ಯಾಸದಲ್ಲಿ ಅವರ ಜನಾಂಗದ ಹೆಚ್ಚುಗಾರಿಕೆ ಕಾಣುತ್ತದೆ ಎಂಬುದು ಆತನ ನಂಬಿಕೆ; ಅದನ್ನು ಅಳೆದು ತೋರಿಸುವ ಕೆಲಸ ಶಿಷ್ಯೆಯ ಪಾಲಿಗೆ ಬಂತು. ಯುರೋಪಿನ ಬುರುಡೆ, ಆಫ್ರಿಕಾದಿಂದ ತಂದ ಬುರುಡೆ, ಒಂದೊಂದನ್ನೇ ಕೈಗೆತ್ತಿಕೊಂಡು ಅಳೆದರು. ಗುರು ಹೇಳಿದ ಭೇದ ಕಾಣಲಿಲ್ಲ. ಕಾಣಲಿಲ್ಲವೆಂದೇ ಬರೆದು ಪಿಎಚ್‌.ಡಿ. ಪಡೆದು ಬಂದರು. ಪರದೇಶ, ಸಾಲದ ದುಡ್ಡು, ಪದವಿ ಕೊಡಬೇಕಾದ ಗುರು. ಇಷ್ಟರ ನಡುವೆ ಇಪ್ಪತ್ತರ ಹರೆಯದ ಹೆಣ್ಣುಮಗಳು ತೋರಿದ ಆ ಗಟ್ಟಿತನಕ್ಕೆ ನಾನು ಇಂದಿಗೂ ಕೈಮುಗಿಯುತ್ತೇನೆ.

1939ರಿಂದ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಮೇಷ್ಟ್ರಾದರು. ಹಣೆಗೆ ಕುಂಕುಮವಿಲ್ಲ, ಕೊರಳಲ್ಲಿ ಮಂಗಳಸೂತ್ರವಿಲ್ಲ. ಪುಣೆಯ ರಸ್ತೆಯಲ್ಲಿ ಸ್ಕೂಟರ್ ಓಡಿಸಿದ ಮೊದಮೊದಲ ಹೆಂಗಸರಲ್ಲಿ ಒಬ್ಬರು. ಮನೆಯಲ್ಲಿ ಮಕ್ಕಳೂ ಅವರನ್ನು "ಇರು" ಎಂದೇ ಕೂಗುತ್ತಿದ್ದರಂತೆ. ರಜೆ ಬಂತೆಂದರೆ ಅಳತೆಯ ಸಾಮಾನು ಕಟ್ಟಿಕೊಂಡು ಹೊರಟರು. ಗುಜರಾತಿನ ಲಂಘಣಜದಲ್ಲಿ ಪುರಾತತ್ತ್ವಜ್ಞ ಸಾಂಕಳಿಯಾ ಅವರ ಜೊತೆ ಉತ್ಖನನ, ಕರ್ನಾಟಕದಲ್ಲಿ, ಒಡಿಶಾದಲ್ಲಿ ಜನರ ಮೈಯಳತೆ. ಅಳೆಯುವಾಗ ಕೇಳಿದ್ದು ಮಾತ್ರ ನಮ್ಮ ಮದುವೆಮನೆ ಅಜ್ಜಿಯ ಪ್ರಶ್ನೆಗಳನ್ನೇ: ಯಾರ ಮಗಳನ್ನು ಯಾರಿಗೆ ಕೊಡುತ್ತೀರಿ, ಯಾರನ್ನು ಏನೆಂದು ಕರೆಯುತ್ತೀರಿ?

ಅದರ ಫಲ 1953ರಲ್ಲಿ ಬಂದ, ಭಾರತದ ಬಂಧುತ್ವ ವ್ಯವಸ್ಥೆಯನ್ನು ಕುರಿತ ದೊಡ್ಡ ಗ್ರಂಥ. ಉತ್ತರದ ಹುಡುಗಿ ಗೋತ್ರ ಬಿಟ್ಟು, ಊರು ಬಿಟ್ಟು, ಮುಖವೇ ಕಾಣದವರ ಮನೆಗೆ ಸೆರಗು ಮುಚ್ಚಿಕೊಂಡು ಸೊಸೆಯಾಗಿ ಹೋಗುತ್ತಾಳೆ. ದಕ್ಷಿಣದಲ್ಲಿ ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಕೊಡುವ ವಾಡಿಕೆ. ಚಿಕ್ಕಂದಿನಲ್ಲಿ ಆಡಿದ ಜಗಲಿಯೇ ಗಂಡನ ಮನೆಯ ಜಗಲಿ, ಮಡಿಲಲ್ಲಿ ಮಲಗಿಸಿಕೊಂಡ ಅಜ್ಜಿಯೇ ಅತ್ತೆ. ಹತ್ತಿರದ ರಕ್ತಸಂಬಂಧದ ಮದುವೆ ಬೇಡವೆಂದು ಇಂದು ವೈದ್ಯರು ಹೇಳುತ್ತಾರೆ, ಅದು ಸರಿಯೇ. ಆದರೆ ಮದುವೆಯ ನಿಯಮವೊಂದು ಹೆಣ್ಣಿನ ಭಯವನ್ನು ಹೆಚ್ಚಿಸಬಲ್ಲದು, ಕಳೆಯಲೂಬಲ್ಲದು ಎಂದು ತೋರಿಸಿಕೊಟ್ಟವರು ಇರಾವತಿ.

ನಡಿಗೆಯೂ ಅವರಿಗೆ ಪಾಠವೇ. ವಿಠ್ಠಲನ ದರ್ಶನಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಪಂಢರಪುರದ ವಾರಿಯಲ್ಲಿ, ಯಾತ್ರಿಕರ ದಿಂಡಿಯೊಡನೆ ನಡೆದರು. ನಮ್ಮ ದಾಸರೂ ಹಾಡಿದ ವಿಠ್ಠಲ ಅವನು. ದಿನವೆಲ್ಲ ಒಂದೇ ಅಭಂಗ ಹಾಡಿಕೊಂಡು ಬಂದವರು ಊಟದ ಹೊತ್ತಿಗೆ ಬ್ರಾಹ್ಮಣರು ಒಂದು ಕಡೆ, ಮರಾಠರು ಇನ್ನೊಂದು ಕಡೆ. ಇರಾವತಿ ಎರಡೂ ಕಡೆ ಕೂತು ಉಂಡರು, ಮನಸ್ಸಿನಲ್ಲಿ ನೊಂದುಕೊಂಡರು, ಆ ನೋವನ್ನೂ ವಾರಿಯ ಸಂತೋಷವನ್ನೂ ಒಂದೇ ಪ್ರಬಂಧದಲ್ಲಿ ಬರೆದರು.

ನಂಟು ಹುಡುಕುವ ಕಣ್ಣಿನಿಂದಲೇ ಮಹಾಭಾರತವನ್ನೂ ಓದಿದರು. 1967ರಲ್ಲಿ ಮರಾಠಿಯಲ್ಲಿ 'ಯುಗಾಂತ' ಬಂತು, ಮರುವರ್ಷ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಖಾಂಡವವನ್ನು ಸುಟ್ಟ ಕೃಷ್ಣಾರ್ಜುನರನ್ನು ಅವರು ಸುಮ್ಮನೆ ಬಿಡುವುದಿಲ್ಲ. ಧರ್ಮರಾಯನ ತಂದೆ ವಿದುರನೇ ಇರಬಹುದೇ ಎಂದೂ ಕೇಳುತ್ತಾರೆ. ಯಾರು ಯಾರ ಮಗ ಎಂದು ವ್ಯಾಸರನ್ನೂ ಕೇಳುವ ಧೈರ್ಯ ಅದು!

1970ರಲ್ಲಿ ತೀರಿಕೊಂಡರು. ಮಗಳಂದಿರಾದ ಜಾಯಿ ನಿಂಬಕರ್, ಗೌರಿ ದೇಶಪಾಂಡೆ ಇಬ್ಬರೂ ಲೇಖಕಿಯರಾದರು. ಗೌರಿಯವರ ಮಗಳು ಊರ್ಮಿಳಾ ದೇಶಪಾಂಡೆ ಇನ್ನೊಬ್ಬ ವಿದ್ವಾಂಸರೊಡನೆ ಸೇರಿ ಬರೆದ ಅಜ್ಜಿಯ ಜೀವನಚರಿತ್ರೆ 2024ರಲ್ಲಿ ಪ್ರಕಟವಾಯಿತು. ಎಲ್ಲರ ವಂಶಾವಳಿ ಕೇಳಿದವರ ಕಥೆಯನ್ನು ಅವರ ವಂಶದವರೇ ಹೇಳಿದ್ದು ನನಗೆ ತುಂಬ ಸಮಾಧಾನ ಕೊಟ್ಟಿತು.

'ಯುಗಾಂತ' ಕನ್ನಡಕ್ಕೂ ಬಂದಿದೆ. ಗಾಂಧಾರಿಯ ಅಧ್ಯಾಯದಿಂದ ಶುರುಮಾಡಿ. ಮನೆಯಲ್ಲಿ ಓದುವ ವಯಸ್ಸಿನ ಹೆಣ್ಣುಮಕ್ಕಳಿದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಗಟ್ಟಿಯಾಗಿ ಓದಿ.